‘ಮೇಲೆ ಇದೆಯಲ್ಲ, ಮಿಸ್!’

ಅಭ್ಯಾಸ ಬೋಧನೆಯ ಮೂರನೇ ಪಾಠ. ಪ್ರಥಮ ಪಿಯುಸಿ, ಕಂಪ್ಯೂಟರ್ ಲ್ಯಾಬ್, ಪೈಥಾನ್. 1ರಿಂದ 10ರವರೆಗೆ ಸಮ ಯಾವುದು, ಬೆಸ ಯಾವುದು ಎಂದು ತೋರಿಸುವ ಐದು ಸಾಲಿನ ತುಣುಕನ್ನು ಕಮಾಂಡ್ ಕಿಟಕಿಯ ಪೈಥಾನ್ ಶೆಲ್‌ನಲ್ಲೇ ಟೈಪ್ ಮಾಡಿಸಿದೆ. ಉತ್ತರ ತಕ್ಷಣ ಕಾಣುತ್ತದೆ, ಮಕ್ಕಳಿಗೆ ಖುಷಿ ಎಂದು ನನ್ನ ಲೆಕ್ಕಾಚಾರ.

ಒಬ್ಬ ಹುಡುಗಿ ನಾಲ್ಕನೇ ಸಾಲಿನ ‘ಎಲ್ಸ್’ ಮುಂದೆ ಕೋಲನ್ ಹಾಕಲು ಮರೆತಳು. ಎಂಟರ್ ಒತ್ತಿದ ಕೂಡಲೇ ಸಿಂಟ್ಯಾಕ್ಸ್ ಎರರ್. ತಪ್ಪನ್ನು ಅವಳೇ ಕಂಡುಹಿಡಿದಳು. ಕೆಳಗಿನ ಸಾಲಿನಲ್ಲಿ ಕೋಲನ್ ಸಮೇತ ‘ಎಲ್ಸ್’ ಬರೆದಳು. ಮತ್ತೆ ಎರರ್.

“ಮೊದಲಿಂದ ಬರಿ, ನೋಡಿಕೊಂಡು ಬರಿ” ಎಂದೆ. ಮೇಲಿನ ಬಾಣದ ಕೀಲಿ ಒತ್ತಿದರೆ ಹಳೆಯ ಸಾಲುಗಳು ಬರುತ್ತವೆ ನಿಜ, ಆದರೆ ಒಂದೊಂದಾಗಿ. ಕ್ರಮ ತಪ್ಪಿದರೆ ಮತ್ತೆ ಎರರ್. ನಾಲ್ಕನೇ ಸಲ ಅವಳು ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

“ಮೇಲೆ ಇದೆಯಲ್ಲ, ಮಿಸ್! ಎರಡು ಚುಕ್ಕಿಗೋಸ್ಕರ ಎಲ್ಲಾ ಯಾಕೆ ಬರೀಬೇಕು?”

ನನ್ನಲ್ಲಿ ಉತ್ತರವಿರಲಿಲ್ಲ. ಗದರಿದ್ದು ಮಾತ್ರ ನೆನಪಿದೆ.

ರಾತ್ರಿ ನಾನೇ ಅದೇ ತಪ್ಪು ಮಾಡಿ ನೋಡಿದೆ. ಎರರ್ ಬಂದ ಕ್ಷಣವೇ ಪೈಥಾನ್ ಆ ಇಡೀ ತುಣುಕನ್ನು ಕೈಬಿಡುತ್ತದೆ. ಪರದೆಯ ಮೇಲೆ ಉಳಿದಿರುವುದು ಬರೀ ಅಕ್ಷರ. ಸ್ಲೇಟಿನಲ್ಲಿ ಒಂದು ಅಕ್ಷರ ಒರೆಸಿ ತಿದ್ದಿ ಬೆಳೆದ ಮಗು, ಕಾಣುವುದೆಲ್ಲ ಇನ್ನೂ ಇದೆ ಎಂದು ನಂಬಿದರೆ ತಪ್ಪೇನು? ಅದನ್ನು ಮೊದಲೇ ಹೇಳಬೇಕಾದವಳು ನಾನು.

2024ರಲ್ಲಿ ಬಂದ ಪೈಥಾನ್ 3.13ರ ಶೆಲ್‌ನಲ್ಲಿ ಮೇಲಿನ ಬಾಣ ಒತ್ತಿದರೆ ಇಡೀ ತುಣುಕೇ ಬರುತ್ತದೆ; ಅದರೊಳಗೆ ಬೇಕಾದ ಸಾಲಿಗೆ ಹೋಗಿ ತಿದ್ದಬಹುದು. ನಮ್ಮ ಲ್ಯಾಬಿನಲ್ಲಿದ್ದದ್ದು ಹಳೆಯದು, ಹೊಸದನ್ನು ಹಾಕುವ ಅಧಿಕಾರ ನನಗಿಲ್ಲ. ಆದರೆ ಪೈಥಾನ್ ಜೊತೆಗೇ ಬಂದಿದ್ದ ‘ಐಡಲ್’ ಅಲ್ಲೇ ಇತ್ತು. ಅದರಲ್ಲಿ ಹಳೆಯ ತುಣುಕಿನ ಮೇಲೆ ಕರ್ಸರ್ ಇಟ್ಟು ಎಂಟರ್ ಒತ್ತಿದರೆ ಸಾಕು, ಪೂರ್ತಿ ಕೆಳಗೆ ಇಳಿಯುತ್ತದೆ. ಆಲ್ಟ್ ಮತ್ತು ಪಿ ಒತ್ತಿದರೂ ಆದೀತು.

ಮರುದಿನ ಪಾಠ ಶುರುಮಾಡಿದ್ದೇ ತಪ್ಪಿನಿಂದ. ಬೇಕೆಂದೇ ಕೋಲನ್ ಬಿಟ್ಟೆ. “ಈಗ ಪೈಥಾನ್ ಹತ್ತಿರ ಎಷ್ಟು ಸಾಲು ಉಳಿದಿವೆ?” ಎಂದು ಕೇಳಿದೆ. ಮೂರು, ನಾಲ್ಕು ಎಂದು ಕೂಗಿದರು. ಆ ಹುಡುಗಿ ಮಾತ್ರ “ಒಂದೂ ಇಲ್ಲ” ಎಂದಳು, ನನ್ನ ಮುಖ ನೋಡದೆ.

ಪಾಠ ಯೋಜನೆಯ ‘ಬೋಧನೋಪಕರಣ’ ಅಂಕಣದಲ್ಲಿ ‘ಕಂಪ್ಯೂಟರ್’ ಎಂದಷ್ಟೇ ಬರೆದಿದ್ದೆ. ಅಂದು ಅದನ್ನು ಹೊಡೆದುಹಾಕಿ ‘ಐಡಲ್ ಶೆಲ್, ತಪ್ಪಿರುವ ಒಂದು ತುಣುಕು’ ಎಂದು ತಿದ್ದಿದೆ.