ಕಪ್ಪು ಪರದೆಯ ಹಾಜರಿ

ಪ್ರತಿದಿನ ಬೆಳಗ್ಗೆ ಮಕ್ಕಳ ಹಾಜರಿ ಕೂಗುವುದು ನನ್ನ ವೃತ್ತಿ. ಯಂತ್ರಗಳಿಗೂ ಹಾಜರಿ ಉಂಟೆಂಬುದನ್ನು ನಾನು ಅರಿತದ್ದು ಕಳೆದ ಮಳೆಗಾಲದಲ್ಲಿ. ಬೆಂಗಳೂರಿನ ಕಂಪೆನಿಯೊಂದರಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ನನ್ನ ತಮ್ಮನು ರಜೆಯಲ್ಲಿ ಕಾಸರಗೋಡಿನ ಮನೆಗೆ ಬಂದಿದ್ದನು. ನಡುರಾತ್ರಿ ಫೋನು ಬಂದಿತು; ಎದ್ದು ಲ್ಯಾಪ್‌ಟಾಪ್ ತೆರೆದನು. ನಾನೂ ಪಕ್ಕದಲ್ಲಿ ಕುಳಿತೆನು.

ಚಿತ್ರವಿಲ್ಲ, ಗುಂಡಿಗಳಿಲ್ಲ, ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಮಾತ್ರ. ಅವನು ಒಂದು ಸಾಲು ಬರೆದೊಡನೆ, ಎಲ್ಲಿಯೋ ಇರುವ ಯಂತ್ರಕೂಟದ ಕೆಲಸಗಳೆಲ್ಲ ಪಟ್ಟಿಯಾಗಿ ನಿಂತವು: ಹೆಸರು, ಸ್ಥಿತಿ, ವಯಸ್ಸು, ಎಷ್ಟು ಸಲ ಬಿದ್ದು ಮರಳಿ ಎದ್ದಿದೆ ಎಂಬ ಲೆಕ್ಕ. ಕೂಟವನ್ನು ಆಳುವ ತಂತ್ರಾಂಶ ಕುಬರ್ನೆಟೀಸ್. ಗೂಗಲ್ ಸಂಸ್ಥೆ ಅದನ್ನು 2014ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟಿತು. ಅದರ ತಳದಲ್ಲಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ಪ್ರತಿ ಕೆಲಸಕ್ಕೂ ಒಂದು ಕ್ರಮಾಂಕ, ಒಂದು ತಾಯಿಕೆಲಸ ಉಂಟು. ತಾಯಿ ಮೊದಲೇ ಮುಗಿದುಹೋದರೆ ಆ ಅನಾಥನನ್ನು ಸಾಮಾನ್ಯವಾಗಿ 1ನೆಯ ಕ್ರಮಾಂಕದ ಕೆಲಸವು ಸಾಕಿಕೊಳ್ಳುತ್ತದೆ. ಇದನ್ನು ಕೇಳಿ ನನಗೆ ಸಂತೋಷವಾಯಿತು.

ಒಂದು ಕೆಲಸ ಮಾತ್ರ ಮೆಮೊರಿಯನ್ನೆಲ್ಲ ನುಂಗಿ ತೆವಳುತ್ತಿತ್ತು.

"ಕೊಂದುಬಿಡು ಮಾರಾಯ, ಮಲಗುವ" ಎಂದೆನು.

"ಹಾಗೆ ಕೊಲ್ಲಬಾರದು ಅಣ್ಣ. ಮೊದಲು 15ನೆಯ ಸಂಕೇತ. 'ಮುಗಿಸಿಕೊ' ಎಂದು ಹೇಳಿದ ಹಾಗೆ. ಕೈಯಲ್ಲಿದ್ದುದನ್ನು ಬರೆದಿಟ್ಟು ಅದು ತಾನಾಗಿ ಹೊರಡಬೇಕು. ಸಾಧಾರಣವಾಗಿ 30 ಸೆಕೆಂಡು ಸಮಯ. ಆಮೇಲೂ ಕೇಳದಿದ್ದರೆ 9ನೆಯದು, ಅದಕ್ಕೆ ಎದುರಿಲ್ಲ. ಅವಸರಪಟ್ಟು ಮೊದಲೇ 9 ಕೊಟ್ಟರೆ ಅರ್ಧ ಬರೆದ ಲೆಕ್ಕ ಹೋಯಿತೆಂದೇ ತಿಳಿ."

ಇಬ್ಬರೂ ಕಾದೆವು. ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. 30 ಸೆಕೆಂಡು ಇಷ್ಟು ದೀರ್ಘವೆಂದು ನಾನು ಅರಿತಿರಲಿಲ್ಲ. ಅದು ತುಂಬುವ ಮೊದಲೇ ಕೆಲಸ ತಾನಾಗಿ ನಿಂತಿತು. ಬದಲಿಗೆ ಹೊಸದೊಂದು ಎದ್ದಿತು.

ತಮ್ಮನು ಮಲಗಿದನು. ನನಗೆ ನಿದ್ದೆ ಬರಲಿಲ್ಲ. ಹಿಂದಿನ ವರ್ಷ ನನ್ನ ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು, ಮನೆಮಾತು ತುಳು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವನು, ತುಟಿ ಅಲುಗುವುದು. ಕನ್ನಡದ ಪದ ಇನ್ನೂ ದಾರಿಯಲ್ಲಿರುವಾಗಲೇ ನಾನು "ಕುಳಿತುಕೊ, ಮುಂದಿನವನು ಹೇಳು" ಎನ್ನುತ್ತಿದ್ದೆನು. 5 ಸೆಕೆಂಡೂ ಕಾದಿರಲಿಕ್ಕಿಲ್ಲ. ದೀಪಾವಳಿಯ ಹೊತ್ತಿಗೆ ಅವನು ಏಳುವುದನ್ನೇ ಬಿಟ್ಟನು. ಜೂನಿನಲ್ಲಿ ತಂದೆ ಬಂದು, "ಇವನಿಗೆ ಕನ್ನಡ ಹಿಡಿಯುವುದಿಲ್ಲ ಮಾಷ್ಟ್ರೇ" ಎಂದು ವರ್ಗಾವಣೆ ಪತ್ರ ಕೇಳಿದರು. ನನ್ನ ಕೈಯಾರೆ ಬರೆದುಕೊಟ್ಟೆನು.

ಯಂತ್ರಕೂಟದಲ್ಲಿ ತೆರವಾದ ಸ್ಥಾನ ಕ್ಷಣದಲ್ಲಿ ತುಂಬುತ್ತದೆ. ಗಡಿನಾಡಿನ ಕನ್ನಡ ತರಗತಿಯ ಬೆಂಚು ಹಾಗೆ ತುಂಬುವುದಿಲ್ಲ. ಈಗ ನಾನು ಪ್ರಶ್ನೆ ಕೇಳಿ, ಕಿಟಕಿಯ ಹೊರಗೆ ನೋಡುತ್ತ, ಮನಸ್ಸಿನಲ್ಲಿ 30ರ ವರೆಗೆ ಎಣಿಸುತ್ತೇನೆ. ಕೆಲವು ಉತ್ತರಗಳು 20 ದಾಟಿದ ಮೇಲೆ ಬರುತ್ತವೆ.