ದೇಶಾಂತರ ಹೋದ ಕಾಯಕ

ಊರು ಬಿಟ್ಟು ಹೋಗುವುದಕ್ಕೆ ಕನ್ನಡ ನುಡಿಯಲ್ಲಿ ಹಲವು ಮಾತುಗಳುಂಟು. ವಲಸೆ ಎನ್ನುತ್ತಾರೆ, ಪರಸ್ಥಳವೆನ್ನುತ್ತಾರೆ, ದೇಶಾಂತರವೆನ್ನುತ್ತಾರೆ. ವಿಜಯಪುರ ಸೀಮೆಯ ಒಕ್ಕಲಿಗನಾದರೋ ಗುಳೆ ಎನ್ನುತ್ತಾನೆ. ಈ ಮಾತುಗಳೆಲ್ಲ ಒಂದೇ ಅರ್ಥದವೆಂದು ಬಗೆಯಬಾರದು. ಗುಳೆ ಹೋಗುವವನು ತನ್ನ ಇಚ್ಛೆಯಿಂದ ಹೋಗುವವನಲ್ಲ. ಬರ ಅವನನ್ನು ಅಟ್ಟುತ್ತದೆ. ಅವನ ಸಂಗಡ ಹೆಂಡತಿ, ಮಕ್ಕಳು, ಗಡಿಗೆ, ಕಂಬಳಿಗಳೂ ಹೊರಡುತ್ತವೆ. ದೇಶಾಂತರ ಹೋಗುವವನು ಹಾಗಲ್ಲ. ಅವನ ಕೈಯಲ್ಲಿ ಒಂದು ವಿದ್ಯೆಯಿರುತ್ತದೆ, ಮನಸ್ಸಿನಲ್ಲಿ ಮರಳಿ ಬರುವ ದಿನದ ಎಣಿಕೆಯಿರುತ್ತದೆ. ಒಂದು ಮಾತಿನಿಂದ ಇನ್ನೊಂದು ಮಾತಿಗೆ ಮನುಷ್ಯನನ್ನು ದಾಟಿಸುವ ದೋಣಿ ಯಾವುದು ಎಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಗೆ ಗುಳೆಯ ನೋವು ಹೊಸದಲ್ಲ. ಡೋಣಿ ಸಾಲು ಬೆಳೆದರೆ ಓಣಿಯೆಲ್ಲ ಜೋಳವೆಂದು ಹಿರಿಯರು ಹೆಮ್ಮೆಯಿಂದ ಹೇಳಿದರು. ಬೆಳೆಯದ ವರ್ಷಗಳ ಕಥೆಯನ್ನು ಮಾತ್ರ ಮೆಲುದನಿಯಲ್ಲಿ ಹೇಳಿದರು. 1876ರಿಂದ 1878ರವರೆಗಿನ ಮಹಾಕ್ಷಾಮ ಈ ಸೀಮೆಯ ಊರೂರುಗಳನ್ನು ಬರಿದು ಮಾಡಿತು. 1972ರ ಬರದಲ್ಲಿ ಸೊಲ್ಲಾಪುರ, ಪುಣೆ, ಮುಂಬಯಿಗಳ ದಾರಿ ಹಿಡಿದವರು ಅಸಂಖ್ಯರು. ಗೋವೆಯ ರಸ್ತೆಗಳಿಗೆ ಕಲ್ಲು ಒಡೆದವರಲ್ಲಿ, ಅಲ್ಲಿನ ಕಟ್ಟಡಗಳಿಗೆ ಮಣ್ಣು ಹೊತ್ತವರಲ್ಲಿ ಈ ಜಿಲ್ಲೆಯ ಮಕ್ಕಳು ಎಷ್ಟೋ ಮಂದಿ. 1964ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಅಡಿಗಲ್ಲು ಬಿದ್ದರೂ ಕಾಲುವೆಯ ನೀರು ಹೊಲಕ್ಕೆ ಬರುವಷ್ಟರಲ್ಲಿ ಒಂದು ತಲೆಮಾರು ಪರಸ್ಥಳದಲ್ಲಿಯೇ ಮುದಿಯಾಯಿತು.

ಆದರೆ ಇದೇ ನೆಲದಿಂದ ಬೇರೊಂದು ಬಗೆಯ ಪ್ರಯಾಣವೂ ಹೊರಟಿದೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಮನೆಯನ್ನು ತೊರೆದು ಕೂಡಲಸಂಗಮಕ್ಕೆ ಹೋದರು. ಅಲ್ಲಿ ವಿದ್ಯೆಯನ್ನು ಸಂಪಾದಿಸಿ ಮಂಗಳವಾಡಕ್ಕೆ ಹೋದರು. ಅಲ್ಲಿ ಗಣಕರ ನಡುವೆ ಕುಳಿತು ಲೆಕ್ಕದಲ್ಲಿದ್ದ ತಪ್ಪನ್ನು ತೋರಿಸಿಕೊಟ್ಟು ಅವರು ಕರಣಿಕರಾದ ಪ್ರಸಂಗವನ್ನು ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳಿದ್ದಾನೆ. ಭಕ್ತಿಭಂಡಾರಿಯ ಮಹಿಮೆಯ ನಡುವೆ ನಾವು ಈ ಚಿಕ್ಕ ಸಂಗತಿಯನ್ನು ಮರೆಯುತ್ತೇವೆ. ಪರವೂರಿನಲ್ಲಿ ಅವರಿಗೆ ಉದ್ಯೋಗ ದೊರೆತದ್ದು ಕುಲದಿಂದಲ್ಲ, ಶಿಫಾರಸಿನಿಂದಲ್ಲ, ಪರೀಕ್ಷೆಗೆ ನಿಂತ ವಿದ್ಯೆಯಿಂದ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಮಾರಿದರೆಂದು ಪುರಾಣಗಳು ಹೇಳುತ್ತವೆ. ಶರಣರಿಗೆ ಊರು ಬದಲಾದುದು ಅವಮಾನವಾಗಲಿಲ್ಲ; ಕಾಯಕ ತಪ್ಪಿದುದು ಮಾತ್ರ ಅವಮಾನವಾಗಿತ್ತು.

ಈ ಹಿನ್ನೆಲೆಯಲ್ಲಿ ಶ್ರೀಮಠದ ಪ್ರೌಢಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿಯ ವೃತ್ತಾಂತ ಸ್ಮರಣೀಯವಾಗಿದೆ. ಆತನ ಹೆಸರು ಇಲ್ಲಿ ಬೇಡ, ಆತನಂಥವರು ಅನೇಕರು. ಸಿಂದಗಿಯಿಂದ ಇಂಡಿಯ ಕಡೆಗೆ ಹೋಗುವ ದಾರಿಯಲ್ಲಿ ಆತನ ಹಳ್ಳಿ. ತಂದೆಯದು ಕಮ್ಮಾರಿಕೆ. ಕುಂಟೆಯ ಕುಡ, ಕೂರಿಗೆಯ ತಾಳು, ಕುಡುಗೋಲುಗಳು ಆ ಕುಲುಮೆಯಲ್ಲಿ ಕಾದು ಹದವಾಗುತ್ತಿದ್ದವು. ಆಯದ ಜೋಳದ ಮೇಲೆ ಮನೆ ನಡೆಯುತ್ತಿತ್ತು. ಟ್ರ್ಯಾಕ್ಟರು ಬಂದ ಮೇಲೆ ಆಯ ನಿಂತಿತು, ತಿದಿಯ ಉಸಿರು ಕ್ಷೀಣಿಸಿತು. ಹುಡುಗ ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಹತ್ತನೆಯ ಇಯತ್ತೆಯವರೆಗೆ ಓದಿದ. 2013ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಗಣಿತ, ಇಂಗ್ಲಿಷು ಎರಡು ವಿಷಯಗಳು ಉಳಿದವು. ಮತ್ತೆ ಶಾಲೆಯ ಕಡೆಗೆ ಮುಖ ಮಾಡಲು ನಾಚಿ ತಂದೆಯ ಸುತ್ತಿಗೆ ಹಿಡಿದ.

ಆ ವರ್ಷಗಳಲ್ಲಿ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಕಾಮಗಾರಿ ನಡೆದಿತ್ತು. ಹದಿನೆಂಟು ತುಂಬಿದ ಮೇಲೆ ಹುಡುಗ ಅಲ್ಲಿ ವೆಲ್ಡರ ಕೈಕೆಳಗೆ ಸಹಾಯಕನಾದ. ದೂರದ ಪ್ರಾಂತಗಳಿಂದ ಬಂದ ಕುಶಲಕರ್ಮಿಗಳು ಅಲ್ಲಿದ್ದರು. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ಅವರ ಮಾತುಗಳಲ್ಲಿ ಅಬುಧಾಬಿ, ದೋಹಾ, ಮಸ್ಕತ್ತುಗಳ ಹೆಸರು ಸಿಂದಗಿ ಸಂತೆಯ ಹೆಸರಿನಷ್ಟೇ ಸಲೀಸಾಗಿ ಬರುತ್ತಿದ್ದವು. ಹುಡುಗನ ಮನಸ್ಸು ಹಾರಿತು.

ಹಾರಿದ ಮನಸ್ಸಿಗೆ ಬಲೆ ಹಾಕುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. 2017ರಲ್ಲಿ ಪರವೂರಿನ ಒಬ್ಬ ಏಜೆಂಟ 90 ಸಾವಿರ ರೂಪಾಯಿ ತೆಗೆದುಕೊಂಡು ವೀಸಾ ಕೊಟ್ಟ. ತಾಯಿಯ ಬೋರಮಾಳ ಸರ ಒತ್ತೆ ಬಿತ್ತು. ರಸೀದಿ ಕೇಳಿದರೆ ನಂಬಿಕೆಯ ಮಾತು ಬಂತು. ಹುಡುಗ ಮುಂಬಯಿಯ ವಿಮಾನ ನಿಲ್ದಾಣಕ್ಕೆ ಹೋದಾಗ ಅಧಿಕಾರಿಗಳು ಕಾಗದಗಳನ್ನು ನೋಡಿ ತಡೆದು ನಿಲ್ಲಿಸಿದರು. ಏಜೆಂಟ ಕೊಟ್ಟುದು ಪ್ರವಾಸಿಗನ ವೀಸಾ. ಹುಡುಗ ಹೊರಟದ್ದು ದುಡಿಮೆಗೆ. ಅವನ ಪಾಸ್‌ಪೋರ್ಟಾದರೋ ವಲಸೆ ಪರಿಶೀಲನೆ ಅಗತ್ಯವೆಂಬ ವರ್ಗದ್ದು. ಕಟ್ಟಿಕೊಟ್ಟ ಬುತ್ತಿಯ ರೊಟ್ಟಿ ಇನ್ನೂ ಮುಗಿದಿರಲಿಲ್ಲ, ಹುಡುಗ ಊರಿಗೆ ಮರಳಿದ. ಏಜೆಂಟನ ದೂರವಾಣಿ ಮತ್ತೆ ಬಾರಿಸಲಿಲ್ಲ.

ಹಲವು ದಿನ ಮನೆಯಿಂದ ಹೊರಬೀಳದ ಮಗನನ್ನು ತಂದೆಯೇ ಕೈಹಿಡಿದು ಶ್ರೀಮಠದ ಶಾಲೆಗೆ ಕರೆತಂದ. ಮುಖ್ಯಗುರುಗಳು ಎಲ್ಲವನ್ನೂ ಕೇಳಿದರು, ಬೈಯಲಿಲ್ಲ.

"ಎರಡು ವಿಷಯ ಉಳದಾವ. ಅವನ್ನ ಮೊದಲು ಮುಗಸು ತಮ್ಮಾ. ದುಬೈ ಎಲ್ಲಿಗೂ ಓಡಿ ಹೋಗೂದಿಲ್ಲ," ಎಂದರು.

"ಮತ್ತ ಸಾಲಿಗೆ ಬಂದ್ರ ಮಂದಿ ನಗತಾರ್ರೀ ಗುರುಗಳ," ಎಂದ ಹುಡುಗ.

"ನಕ್ಕವರು ನಿನ್ನ ಸಾಲಾ ತೀರಸೂದಿಲ್ಲ."

ಗುರುಗಳ ಮಾತಿನ ಹಿಂದೆ ಕಾಯಿದೆಯ ತಿಳಿವಳಿಕೆಯೂ ಇತ್ತು. ಭಾರತ ಸರಕಾರದ 1983ರ ವಲಸೆ ಕಾಯಿದೆಯ ಮೇರೆಗೆ, ಹತ್ತನೆಯ ಇಯತ್ತೆ ಪಾಸಾಗದವನು ಕೊಲ್ಲಿಯ ರಾಷ್ಟ್ರಗಳೂ ಸೇರಿ ಗೊತ್ತುಪಡಿಸಿದ 18 ದೇಶಗಳಿಗೆ ಉದ್ಯೋಗಕ್ಕೆ ಹೋಗಬೇಕಾದರೆ ವಲಸೆ ಸಂರಕ್ಷಕ ಅಧಿಕಾರಿಯ ಅನುಮತಿ ಪಡೆಯಬೇಕು. ಪಾಸಾದವನಿಗೆ ಆ ನಿರ್ಬಂಧವಿಲ್ಲ. ನಾವು ಮಕ್ಕಳ ಕೈಗೆ ಕೊಡುವ ಒಂದು ಅಂಕಪಟ್ಟಿ ಸಮುದ್ರದಾಚೆಗಿನ ಬಾಗಿಲಿಗೂ ಬೀಗದ ಕೈಯೆಂಬುದನ್ನು ಎಷ್ಟು ಜನ ಶಿಕ್ಷಕರು ಬಲ್ಲರು?

ಹುಡುಗ 2018ರಲ್ಲಿ ಎರಡೂ ವಿಷಯಗಳಲ್ಲಿ ಉತ್ತೀರ್ಣನಾದ. ಅದೇ ವರ್ಷ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿಗೆ ಸೇರಿದ. ಅನಂತರ ಪುಣೆಯ ಕಾರಖಾನೆಯೊಂದರಲ್ಲಿ ದುಡಿದು ಕೈಯನ್ನು ಪಳಗಿಸಿಕೊಂಡ. ಮಹಾಮಾರಿಯ 2020ರಲ್ಲಿ ಕೆಲಸ ನಿಂತಾಗ ಊರಿಗೆ ನಡೆದವರಲ್ಲಿ ಆತನೂ ಒಬ್ಬ. ಮತ್ತೆ ಹೋದ, ಮತ್ತೆ ಕಲಿತ.

ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಹೊಸ ತೊಡಕೊಂದು ಎದುರಾಯಿತು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಆತನ ಜನ್ಮದಿನ ಜೂನ್ 1. ಆಧಾರ ಚೀಟಿಯಲ್ಲಿ ಬೇರೆಯೇ ತಾರೀಖು. ಅಡ್ಡಹೆಸರಿನ ಇಂಗ್ಲಿಷ್ ಅಕ್ಷರಗಳು ಒಂದೊಂದು ಕಾಗದದಲ್ಲಿ ಒಂದೊಂದು ತೆರ. ತಾಯಿಯನ್ನು ಕೇಳಿದರೆ, "ಸೀಗಿ ಹುಣ್ಣಿವಿ ಮರುದಿನ ಹಡದೇನ್ರಿ ಗುರುಗಳ, ಹೊಲದಾಗ ಮಳಿನೀರು ನಿಂತಿತ್ತು," ಎಂದಳು. ತಾಯಿಯ ನೆನಪು ನಿಜ. ಆದರೆ ನಿಜಕ್ಕೆ ಕಾಗದವಿರಲಿಲ್ಲ. ಒಂದನೆಯ ಇಯತ್ತೆಗೆ ಹೆಸರು ಹಚ್ಚುವ ದಿನ ತಾರೀಖು ತಿಳಿಯದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಬಿಡುವ ರೂಢಿ ಈ ಸೀಮೆಯ ಶಾಲೆಗಳಲ್ಲಿ ಬಹುಕಾಲ ನಡೆದಿತ್ತು. ಆ ಒಂದು ಲೇಖನಿಯ ಗೆರೆ ಇಪ್ಪತ್ತು ವರ್ಷಗಳ ಮೇಲೆ ಒಬ್ಬನ ಅನ್ನಕ್ಕೆ ಅಡ್ಡ ಬರುವುದೆಂದು ಅಂದು ಬರೆದ ಗುರುಗಳು ಊಹಿಸಿರಲಾರರು. ಕೊನೆಗೆ ಅಂಕಪಟ್ಟಿಯನ್ನೇ ಪ್ರಮಾಣವಾಗಿಟ್ಟುಕೊಂಡು ಆಧಾರವನ್ನು ತಿದ್ದಿಸಲಾಯಿತು. ಅದಕ್ಕೆ ಕೆಲವು ತಿಂಗಳುಗಳು ಹಿಡಿದವು.

ಈ ಸಲ ಹುಡುಗ ನೋಂದಾಯಿತ ಏಜೆಂಟರ ಮೂಲಕವೇ ಹೋದ. ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಅವರ ಪರವಾನಗಿಯ ಸಂಖ್ಯೆಯನ್ನು ಮೊದಲು ಪರೀಕ್ಷಿಸಿದ. ಸೇವಾಶುಲ್ಕ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯನ್ನು ಮೀರಕೂಡದೆಂಬ ನಿಯಮವಿದೆ; ಕೊಟ್ಟ ಹಣಕ್ಕೆ ರಸೀದಿ ಪಡೆದ. 2022ರಲ್ಲಿ ಮುಂಬಯಿಯಲ್ಲಿ ಕೈಪರೀಕ್ಷೆ ನಡೆಯಿತು. ಉಕ್ಕಿನ ಕೊಳವೆಯನ್ನು 45 ಅಂಶಗಳ ಓರೆಯಲ್ಲಿ ಕದಲದಂತೆ ನಿಲ್ಲಿಸುತ್ತಾರೆ. ಕೊಳವೆ ತಿರುಗುವುದಿಲ್ಲ, ಬೆಸೆಯುವವನೇ ಅದರ ಸುತ್ತ ಬಾಗಿ, ಕುಳಿತು, ಅಂಗಾತನಾಗಿ ಬೆಸೆಯಬೇಕು. ಮೊದಲ ಎಳೆಯನ್ನು ಆರ್ಗನ್ ಅನಿಲದ ರಕ್ಷೆಯಲ್ಲಿ, ಮೇಲಿನ ಪದರಗಳನ್ನು ಕಡ್ಡಿಯಿಂದ ತುಂಬಬೇಕು. ಮುಗಿದ ಮೇಲೆ ಕ್ಷಕಿರಣದ ಚಿತ್ರ ತೆಗೆಯುತ್ತಾರೆ. ಒಳಗೆ ಒಂದು ಗಾಳಿಗುಳ್ಳೆಯಾಗಲಿ, ಕಿಟ್ಟದ ತುಣುಕಾಗಲಿ ಮಿತಿ ಮೀರಿ ಉಳಿದಿದ್ದರೆ ಹೊರಗಿನ ಹೊಳಪು ಉಪಯೋಗಕ್ಕೆ ಬಾರದು. ಮಂಗಳವಾಡದ ಗಣಕರ ನಡುವೆ ನಡೆದ ಪರೀಕ್ಷೆಯೂ ಇದೇ ಬಗೆಯದಲ್ಲವೆ? ಹುಡುಗನ ಬೆಸುಗೆ ನಿರ್ದೋಷವೆಂದು ತೀರ್ಮಾನವಾಯಿತು.

ಕರಾರು ಪತ್ರ ಇಂಗ್ಲಿಷಿನಲ್ಲಿಯೂ ಅರಬ್ಬಿಯಲ್ಲಿಯೂ ಇತ್ತು. ಸಹಿ ಹಾಕುವ ಮೊದಲು ಅದನ್ನು ಒಂದು ವಹಿಯಲ್ಲಿ ಕನ್ನಡಕ್ಕೆ ಇಳಿಸಬೇಕೆಂದು ಮುಖ್ಯಗುರುಗಳು ವಿಧಿಸಿದರು. ಒಂದೊಂದು ವಾಕ್ಯವನ್ನೂ ಮಾತೃಭಾಷೆಯಲ್ಲಿ ಬರೆದಾಗ ತನಗೆ ತಿಳಿಯದುದು ಏನೆಂಬುದು ಹುಡುಗನಿಗೆ ತಿಳಿಯಿತು. ಒಟ್ಟು ಸಂಬಳ ದೊಡ್ಡದಾಗಿ ಕಂಡರೂ ಮೂಲವೇತನ ಬೇರೆ, ಭತ್ಯೆ ಬೇರೆ. ಹೆಚ್ಚುವರಿ ದುಡಿಮೆಯ ಹಣವೂ ಸೇವೆ ಮುಗಿಸುವಾಗಿನ ಉಪದಾನವೂ ಮೂಲವೇತನದ ಮೇಲೆಯೇ ಎಣಿಕೆಯಾಗುತ್ತವೆ. ಊಟದ ಖರ್ಚು ಯಾರದೆಂಬುದು ಪತ್ರದಲ್ಲಿ ಇರಲೇ ಇಲ್ಲ. ಹುಡುಗ ಧೈರ್ಯದಿಂದ ಕೇಳಿದ; ಅದನ್ನು ಬರೆಯಿಸಿಕೊಟ್ಟರು.

ಇಲ್ಲಿ ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕಾದ ಒಂದು ಸೂಕ್ಷ್ಮವಿದೆ. ಹತ್ತನೆಯ ಇಯತ್ತೆ ಪಾಸಾಗದೆ ಅನುಮತಿ ಪಡೆದು ಹೋಗುವವನಿಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅವನ ಕರಾರನ್ನು ಸರಕಾರದ ಕಣ್ಣು ನೋಡುತ್ತದೆ. ಪಾಸಾದವನಿಗೆ ತಡೆಯೂ ಇಲ್ಲ, ಆ ಕಾವಲೂ ಇಲ್ಲ. ಅಂಕಪಟ್ಟಿ ಬಾಗಿಲನ್ನು ತೆರೆಯುತ್ತದೆ, ಕಾವಲುಗಾರನನ್ನೂ ಮನೆಗೆ ಕಳುಹಿಸುತ್ತದೆ. ಆದುದರಿಂದ ವಿದ್ಯಾರ್ಥಿಯನ್ನು ಉತ್ತೀರ್ಣಗೊಳಿಸುವ ಶಾಲೆ ಅವನಿಗೆ ಸ್ವರಕ್ಷಣೆಯ ವಿವೇಕವನ್ನೂ ಕೊಡತಕ್ಕದ್ದು. ಪಾಸು ಮಾತ್ರ ಮಾಡಿ ಬಿಟ್ಟರೆ ಅರ್ಧ ವಿದ್ಯೆ ಕೊಟ್ಟಂತಾಯಿತು.

ಹೊರಡುವ ಹಿಂದಿನ ರಾತ್ರಿ ತಂದೆ ಅಡಿಗಲ್ಲಿನ ಬಳಿ ಕುಳಿತು ಒಂದೇ ಮಾತು ಹೇಳಿದ: "ಕಬ್ಬಣಕ್ಕ ಊರಿಲ್ಲೋ ತಮ್ಮಾ. ಹದಾ ತಿಳದವನ ಕೈಗೆ ಎಲ್ಲಿದ್ರೂ ಬಾಗತೈತಿ."

ಅಬುಧಾಬಿಯ ಮುಸಫ್ಫಾ ಕೈಗಾರಿಕಾ ಪ್ರದೇಶದಲ್ಲಿ ಆತ ಕೊಳವೆ ಬೆಸೆಯುವ ಕಾಯಕದಲ್ಲಿ ನಿಂತ. ಒಂದು ಕೋಣೆಯಲ್ಲಿ ಆರು ಜನ. ಒಬ್ಬನ ಭಾಷೆ ಮತ್ತೊಬ್ಬನಿಗೆ ಬಾರದು. ಬೇಸಿಗೆಯ ಬಿಸಿಲು ವಿಜಯಪುರದವನನ್ನೂ ಬೆದರಿಸುವಂಥದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಯಲಿನಲ್ಲಿ ಕೆಲಸ ಮಾಡಿಸಕೂಡದೆಂಬುದು ಆ ದೇಶದ ಕಟ್ಟಳೆ. ಸಂಬಳ ಬ್ಯಾಂಕಿನ ಮೂಲಕವೇ ಬರುತ್ತಿತ್ತು. ಬೆಳಿಗ್ಗೆ ಇಷ್ಟಲಿಂಗಪೂಜೆ ತೀರಿಸಿಕೊಂಡು ಬಸ್ಸು ಹತ್ತುತ್ತಿದ್ದ. ಎರಡು ವರ್ಷಗಳಲ್ಲಿ ಸಾಲ ತೀರಿತು, ತಾಯಿಯ ಬೋರಮಾಳ ಮನೆಗೆ ಬಂತು, ತಂಗಿಯ ಲಗ್ನವಾಯಿತು.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯದೆ ಇರಲಾಗದು. ಎರಡನೆಯ ವರ್ಷ ತಂದೆ ಲಿಂಗೈಕ್ಯನಾದ. ರಜೆಯ ಅನುಮತಿ ಪಡೆದು, ವಿಮಾನ ಹಿಡಿದು, ಮಗ ಊರು ಮುಟ್ಟಿದಾಗ ಮೂರನೆಯ ದಿನ. ಸಮಾಧಿಯ ಮಣ್ಣು ಆಗಲೇ ಒಣಗಿತ್ತು. ಕುಲುಮೆಯ ಬೂದಿ ತಣ್ಣಗಿತ್ತು. ಬಹಳ ಹೊತ್ತು ಆತ ಅಡಿಗಲ್ಲಿನ ಮೇಲೆ ಕೈಯಿಟ್ಟು ಕುಳಿತಿದ್ದನೆಂದು ತಾಯಿ ಹೇಳುತ್ತಾಳೆ. ಯಾವ ಕರಾರು ಪತ್ರದಲ್ಲಿಯೂ ಈ ನಷ್ಟಕ್ಕೆ ಕಲಮಿಲ್ಲ. ದೇಶಾಂತರವನ್ನು ಹೊಗಳುವವರು ಇದನ್ನು ಮುಚ್ಚಿಡಬಾರದು. ಹಳಿಯುವವರು ಬೋರಮಾಳವನ್ನು ಮರೆಯಬಾರದು.

ದಿನಕರ್ಮ ಮುಗಿದ ಮೇಲೆ ಆತ ಶಾಲೆಗೆ ಬಂದ. ದೇಣಿಗೆ ಕೊಡುವನೆಂದು ಎಲ್ಲರೂ ಎಣಿಸಿದ್ದರು. ಕೊಟ್ಟ, ಅದು ಪ್ರಸಾದ ನಿಲಯದ ಜೋಳಕ್ಕೆ ಸಂದಿತು. ಆದರೆ ಅದಕ್ಕಿಂತ ಮಿಗಿಲಾಗಿ ಒಂದು ವಿನಂತಿಯನ್ನಿಟ್ಟ: "ನನ್ನಂಗ ಯಾರಿಗೂ ಆಗಬಾರದ್ರೀ ಗುರುಗಳ. ಹುಡುಗರ ಹೆಸರು, ತಾರೀಖು ಎಲ್ಲಾ ಕಾಗದದಾಗ ಒಂದ ಐತೇನು, ಪರೀಕ್ಷಾಕ್ಕ ಹೆಸರು ಕಳಸೂಕಿಂತ ಮೊದಲು ನೋಡ್ರಿ." ಅಂದಿನಿಂದ ಪ್ರತಿವರ್ಷ ನೋಂದಣಿಗೆ ಮುನ್ನ ಪಾಲಕರನ್ನು ಕರೆಸಿ, ಪ್ರತಿಯೊಂದು ಮಗುವಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಸರಿನೋಡುವ ಪದ್ಧತಿ ಶಾಲೆಯಲ್ಲಿ ನೆಲೆಗೊಂಡಿದೆ. ರಜೆಗೆ ಬಂದಾಗಲೆಲ್ಲ ಆತ ಹತ್ತನೆಯ ಇಯತ್ತೆಯ ಮಕ್ಕಳೆದುರು ನಿಂತು, ತನಗಾದ ಮೋಸವನ್ನು ನಾಚದೆ ಹೇಳುತ್ತಾನೆ. ಕನ್ನಡದಲ್ಲಿ ಬರೆದ ಆ ಕರಾರಿನ ವಹಿಯನ್ನು ತೋರಿಸುತ್ತಾನೆ.

ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2025ರಲ್ಲಿ ಅದು ಸಂಯುಕ್ತ ಅರಬ್ ಸಂಸ್ಥಾನಕ್ಕೆ ರಫ್ತಾಯಿತು. ಒಂದು ಹಣ್ಣು ಕೂಡ ತನ್ನ ಊರಿನ ಹೆಸರನ್ನು ಪ್ರಮಾಣಪತ್ರದೊಡನೆ ಹೊತ್ತು ಕಡಲು ದಾಟಬೇಕಾದ ಕಾಲವಿದು. ಹೀಗಿರಲು ಮಕ್ಕಳನ್ನು ಬರಿಗೈಯಲ್ಲಿ, ತಪ್ಪು ಕಾಗದದಲ್ಲಿ, ಅರೆತಿಳಿವಿನಲ್ಲಿ ಕಳುಹಿಸುವುದು ಧರ್ಮವೆನಿಸದು. ಕೈಗೊಂದು ವಿದ್ಯೆ, ವಿದ್ಯೆಗೊಂದು ಪ್ರಮಾಣ, ಪ್ರಮಾಣದ ಜೊತೆಗೆ ಓದಿ ತಿಳಿಯುವ ವಿವೇಕ, ಈ ಮೂರನ್ನೂ ಕೊಟ್ಟರೆ ಗುಳೆ ಹೋಗುವ ಮಗು ದೇಶಾಂತರ ಹೋಗುವ ಕಾಯಕಜೀವಿಯಾಗುತ್ತದೆ. ಪ್ರಸಾದ ನಿಲಯಕ್ಕೆ ಒಂದು ಸೇರು ಜೋಳ ಕೊಟ್ಟ ದಾನಿಗೂ, ದಾಖಲಾತಿ ಪುಸ್ತಕದಲ್ಲಿ ಒಂದು ಹೆಸರನ್ನು ಸರಿಯಾಗಿ ಬರೆದ ಗುರುವಿಗೂ ಆ ಪುಣ್ಯದಲ್ಲಿ ಸಮಪಾಲುಂಟು.

ಹೋದ ಮಕ್ಕಳೆಲ್ಲರೂ ಸುಖವಾಗಿ ಮರಳಿ ಬರಲಿ. ಮರಳಿ ಬಂದವರಿಗೆ ಶ್ರೀಮಠದ ಬಾಗಿಲು ಸದಾ ತೆರೆದಿರಲಿ.