ಮಹಡಿ ಮಂಚ

ಮಂಚದ ವಿಷಯದಲ್ಲಿ ನಮ್ಮ ಮನೆತನಕ್ಕೆ ಹೇಳಿಕೊಳ್ಳುವಂಥ ಪರಂಪರೆಯೇನೂ ಇಲ್ಲ. ನಾನು ಹುಟ್ಟಿ ಬೆಳೆದ ಹಾಸನದ ಕಡೆಯ ಮನೆಯಲ್ಲಿ ಇದ್ದುದು ಒಂದೇ ಮಂಚ. ಅದು ತಾತನದು, ತಾತ ತೀರಿಕೊಂಡ ಮೇಲೆ ಬಾಣಂತಿಯರದು, ಬಾಣಂತಿಯರಿಲ್ಲದ ಕಾಲದಲ್ಲಿ ಒಗೆದು ಒಣಗಿಸಿದ ಬಟ್ಟೆಗಳದು. ಉಳಿದ ನಾವೆಲ್ಲ ಊಟ ಮುಗಿದೊಡನೆ ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಚಾಪೆ ಹಾಸಿ, ಮೇಲೆ ಜಮಖಾನ ಹರಡಿ, ಸಾಲಾಗಿ ಮಲಗಿಬಿಡುತ್ತಿದ್ದೆವು. ಯಾರ ಹಾಸಿಗೆ ಎಲ್ಲಿ ಮುಗಿಯಿತು, ಯಾರದು ಎಲ್ಲಿ ಮೊದಲಾಯಿತು ಎಂಬುದು ಬೆಳಗಿನ ಜಾವದ ಹೊತ್ತಿಗೆ ಯಾರಿಗೂ ಗೊತ್ತಿರುತ್ತಿರಲಿಲ್ಲ. ಹೊರಳಿ ಬೀಳುವ ಭಯವಂತೂ ಇರಲೇ ಇಲ್ಲ. ಬೀಳುವುದಕ್ಕೆ ನೆಲಕ್ಕಿಂತ ಕೆಳಗೆ ಜಾಗವೆಲ್ಲಿದೆ?

ಮೈಸೂರಿನ ಈಗಿನ ಮನೆಯಲ್ಲಿಯೂ ಮೊನ್ನೆ ಮೊನ್ನೆಯವರೆಗೆ ಇದೇ ವ್ಯವಸ್ಥೆ, ಸ್ವಲ್ಪ ಸಣ್ಣ ಪ್ರಮಾಣದಲ್ಲಿ, ನಡೆದುಕೊಂಡು ಬಂದಿತ್ತು. ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಅಮ್ಮ ನಡುವೆ. ಒಂಬತ್ತು ವರ್ಷದ ಮಗಳು ಬಲಕ್ಕೆ, ಐದು ವರ್ಷದ ಮಗ ಎಡಕ್ಕೆ. ಹೀಗಿರುವಾಗ ಅಮ್ಮನ ಮಂಡಿಗಳು ಮುಷ್ಕರ ಹೂಡಿದವು. ನೆಲದಿಂದ ಏಳಬೇಕಾದರೆ ಒಂದು ಕೈ ಗೋಡೆಗೆ, ಒಂದು ಕೈ ಮೊಮ್ಮಗಳ ಹೆಗಲಿಗೆ. ಇನ್ನು ಮೇಲೆ ನೆಲದ ಮೇಲೆ ಮಲಗಕೂಡದು ಎಂದು ವೈದ್ಯರು ಹೇಳಿದರು. ಅಮ್ಮನಿಗೊಂದು ಮಂಚ ಬರಬೇಕು. ಅದು ಬಂದರೆ ಮಕ್ಕಳು ಎಲ್ಲಿ ಎಂಬುದು ಪ್ರಶ್ನೆ. ಕೋಣೆ ಹತ್ತಡಿ ಅಗಲ, ಹನ್ನೊಂದಡಿ ಉದ್ದ. ಮೂರಡಿ ಅಗಲದ ಮಂಚಗಳನ್ನು ಮೂರು ಜೋಡಿಸಿದರೆ ನಡೆದಾಡಲು ಉಳಿಯುವುದು ಒಂದಡಿ. ರಾತ್ರಿ ಎರಡು ಸಲ ಏಳುವ ಮುದುಕಿ ಆ ಒಂದಡಿಯಲ್ಲಿ ಹೇಗೆ ನಡೆದಾಳು?

“ಬಂಕ್ ಬೆಡ್ ತಗೊಳ್ಳೋಣ ಅಪ್ಪ” ಎಂದು ಮಗಳು ಸೂಚಿಸಿದಳು. ಹೊಸಪೇಟೆಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೋದ ರಾತ್ರಿಯಿಂದ ಅವಳಿಗೆ ಮೇಲಿನ ಬರ್ತಿನ ಗುಂಗು ಹಿಡಿದಿತ್ತು. ಬಂಕ್ ಎಂದರೆ ನನಗೆ ತಿಳಿದಿದ್ದ ಅರ್ಥಗಳು ಎರಡು. ಒಂದು, ಪೆಟ್ರೋಲ್ ಹಾಕಿಸುವ ಜಾಗ. ಇನ್ನೊಂದು, ಹಳಗನ್ನಡದ ತರಗತಿಯಿದ್ದ ಮಧ್ಯಾಹ್ನ ನನ್ನ ವಿದ್ಯಾರ್ಥಿಗಳು ಮಾಡುವ ಕೆಲಸ. ಮೂರನೆಯ ಅರ್ಥವನ್ನು ಮಗಳಿಂದ ಕಲಿತೆ. ಪದಕ್ಕೆ ಕನ್ನಡ ಹುಡುಕುವುದು ಕನ್ನಡ ಮೇಷ್ಟರ ಚಟ. ಅಟ್ಟಮಂಚ ಎನ್ನೋಣವೆಂದರೆ ಹಳೆಯ ಹಂಡೆಗಳ ನೆನಪಾಗುತ್ತದೆ. ಕೊನೆಗೆ ನಮ್ಮ ಮನೆಯಲ್ಲಿ ಮಹಡಿ ಮಂಚ ಎಂದು ನಿಂತಿತು. ಯೋಚಿಸಿದರೆ, ಮಂಚಕ್ಕೂ ಎತ್ತರಕ್ಕೂ ನಂಟು ಹಳೆಯದೇ. ಸಂಸ್ಕೃತದಲ್ಲಿ ಆ ಮಾತಿಗೆ ವೇದಿಕೆ, ಕಂಬಗಳ ಮೇಲಿನ ಅಟ್ಟಣೆ ಎಂಬರ್ಥಗಳೂ ಇವೆ. ನಮ್ಮಲ್ಲಿ ಹೊಲದ ಕಾವಲಿನ ಅಟ್ಟಣೆಗೆ ಮಂಚಿಕೆ ಎಂಬ ಹೆಸರುಂಟು. ಆದರೆ ಮಂಚಿಕೆಯ ಮೇಲೆ ಕೂರುವವನು ಎಚ್ಚರವಾಗಿರಬೇಕಾದವನು. ನಾನು ಅಲ್ಲಿ ಮಲಗಿಸಬೇಕಾಗಿದ್ದುದು, ನಿದ್ದೆಯಲ್ಲಿ ಗಡಿಯಾರದ ಮುಳ್ಳಿನಂತೆ ತಿರುಗುವ ಮಗುವನ್ನು.

ಅಮ್ಮನಿಗೆ ಈ ಯೋಜನೆ ಹಿಡಿಸಲಿಲ್ಲ. “ಮಕ್ಕಳನ್ನ ನಾಗಂದಿಗೆ ಮೇಲೆ ಪಾತ್ರೆ ಜೋಡಿಸಿದ ಹಾಗೆ ಜೋಡಿಸ್ತೀಯೇನೋ?” ಎಂದಳು.

ಅಂಗಡಿಗಳನ್ನು ಸುತ್ತಿದೆವು. ಮಾರುವ ಪುಣ್ಯಾತ್ಮರು ಬಹಳ ವಿನಯವಂತರು. ಗುಲಾಬಿ ಬಣ್ಣವಿದೆ ಎಂದರು, ಕಾರಿನ ಆಕಾರದ್ದಿದೆ ಎಂದರು, ಕಂತಿನಲ್ಲಿ ಹಣ ಕಟ್ಟಬಹುದು ಎಂದರು. ಮೇಲಿನ ಕಟಕಟೆ ಹಾಸಿಗೆಯಿಂದ ಎಷ್ಟು ಎತ್ತರ ನಿಲ್ಲುತ್ತದೆ ಎಂದು ನನ್ನಾಕೆ ಕೇಳಿದಾಗ ಮಾತ್ರ ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಒಂದು ಕಡೆ ಕಟಕಟೆ ನೋಡುವುದಕ್ಕೆ ಚೆನ್ನಾಗಿಯೇ ಇತ್ತು, ಹಲಗೆಯಿಂದ ಹತ್ತು ಇಂಚು. ಆದರೆ ಅದರ ಜೊತೆಗೆ ಕೊಡುವ ಹಾಸಿಗೆಯೇ ಎಂಟು ಇಂಚು ದಪ್ಪ! ಉಳಿದ ಎರಡು ಇಂಚು ಮಗುವನ್ನಿರಲಿ, ಮಗುವಿನ ಹೊದಿಕೆಯನ್ನೂ ತಡೆಯಲಾರದು. ಹಾಸಿಗೆ ಮೆತ್ತಗಾಗಿ ಉಬ್ಬಿದಷ್ಟೂ ಕಟಕಟೆ ಕುಳ್ಳಾಗುತ್ತದೆ ಎಂಬುದು ಸರಳವಾದ ಲೆಕ್ಕ. ಆದರೆ ಅಂಗಡಿಯ ದೀಪದ ಬೆಳಕಿನಲ್ಲಿ ಹಾಸಿಗೆಯನ್ನು ಒತ್ತಿ ನೋಡಿ ಸಂತೋಷಪಡುವವರಿಗೆ ಈ ಲೆಕ್ಕ ಹೊಳೆಯುವುದು ಕಷ್ಟ.

ಆ ರಾತ್ರಿ ಕುಳಿತು, ಬೇರೆ ದೇಶಗಳಲ್ಲಿ ಇದಕ್ಕೆ ಏನು ನಿಯಮವಿದೆ ಎಂದು ಓದಿದೆ. ಅಮೆರಿಕದವರು ಮಹಡಿ ಮಂಚಕ್ಕೆಂದೇ 1999ರ ಡಿಸೆಂಬರಿನಲ್ಲಿ ಒಂದು ನಿಯಮ ಮಾಡಿ, 2000ದ ಜೂನಿನಿಂದ ಅದನ್ನು ಕಡ್ಡಾಯ ಮಾಡಿದ್ದಾರೆ. ಅದರ ಪ್ರಕಾರ ಕಟಕಟೆ ಹಾಸಿಗೆಯ ಮೇಲ್ಭಾಗದಿಂದ ಕನಿಷ್ಠ 5 ಇಂಚು ಎದ್ದಿರಬೇಕು. ಯುರೋಪಿನ ಮಾನದಂಡ ಇನ್ನೂ ಬಿಗಿ, 160 ಮಿಲಿಮೀಟರು, ಎಂದರೆ ಆರು ಇಂಚಿಗೂ ಸ್ವಲ್ಪ ಹೆಚ್ಚು. ಹಾಸಿಗೆ ಎಲ್ಲಿಯವರೆಗೆ ಬರಬಹುದು ಎಂದು ಮಂಚದ ಮೇಲೆಯೇ ಅಳಿಸಲಾಗದ ಗೆರೆಯೊಂದನ್ನು ಹಾಕಿರಬೇಕಂತೆ. ಕಟಕಟೆ ಎರಡು ಕಡೆಯೂ ಇರಬೇಕು. ಒಂದು ಕಡೆ ಗೋಡೆಯಿದೆಯಲ್ಲ ಎಂದು ನಾವು ಹೇಳುತ್ತೇವೆ. ಗೋಡೆ ಅಲ್ಲಾಡುವುದಿಲ್ಲ ನಿಜ, ಮಂಚ ಅಲ್ಲಾಡುತ್ತದೆ. ದಿನಕ್ಕೊಂದು ಕೂದಲೆಳೆಯಷ್ಟು ಸರಿದು ಗೋಡೆಗೂ ಮಂಚಕ್ಕೂ ನಡುವೆ ಒಂದು ಸಂದಾದರೆ ಮಗು ಜಾರುವುದು ಅಲ್ಲಿಗೇ.

ಓದುತ್ತ ಓದುತ್ತ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆಯದು. ಎತ್ತರದ ಮಂಚವೆಂದರೆ ಬೀಳುವ ಭಯ ಎಂದು ಎಲ್ಲರಿಗೂ ಹೊಳೆಯುತ್ತದೆ. ಬೀಳದೆ ಸಿಕ್ಕಿಕೊಳ್ಳುವ ಭಯ ಹೊಳೆಯುವುದಿಲ್ಲ. ಕಟಕಟೆಯ ಎರಡು ಪಟ್ಟಿಗಳ ನಡುವೆ, ಅಥವಾ ಕಟಕಟೆಗೂ ಹಾಸಿಗೆಗೂ ನಡುವೆ, ನಾಲ್ಕೈದು ಇಂಚಿನ ಕಂಡಿಯಿದೆ ಎನ್ನಿ. ನಿದ್ದೆಯಲ್ಲಿ ಹೊರಳುವ ಮಗುವಿನ ಕಾಲು ಮೊದಲು ಆಚೆಗೆ ಜಾರುತ್ತದೆ. ಹಿಂದೆಯೇ ಸೊಂಟ, ಎದೆ. ಮಕ್ಕಳ ಮೈ ಬಹಳ ಇಕ್ಕಟ್ಟಿನಲ್ಲಿಯೂ ತೂರುತ್ತದೆ. ತಲೆ ಮಾತ್ರ ತೂರುವುದಿಲ್ಲ. ಮೈಯೆಲ್ಲ ಹೊರಗೆ, ತಲೆ ಒಳಗೆ. ಕಾಲಿಗೆ ಕೆಳಗೆ ಏನೂ ಎಟುಕುವುದಿಲ್ಲ, ಕೂಗುವುದಕ್ಕೂ ಆಗುವುದಿಲ್ಲ. ಪಕ್ಕದ ಕೋಣೆಯಲ್ಲಿ ತಂದೆ ತಾಯಿ ಮಲಗಿರುತ್ತಾರೆ. ಹೀಗೆ ಮಕ್ಕಳು ಸತ್ತಿದ್ದಾರೆ. ಆ ನಿಯಮ ಹುಟ್ಟಿದ್ದು ಅದಕ್ಕಾಗಿಯೇ. ಆದ್ದರಿಂದ ಕಟಕಟೆಯ ಯಾವ ಕಂಡಿಯೂ 3½ ಇಂಚಿಗಿಂತ ಅಗಲವಿರಕೂಡದು, ಆರು ವರ್ಷ ತುಂಬದ ಮಗುವನ್ನು ಮೇಲಿನ ಮಂಚದಲ್ಲಿ ಮಲಗಿಸಲೇಕೂಡದು. ನಾನು ಎದ್ದು ಹೋಗಿ ಹಿಂದಿನ ಕೋಣೆಯ ಬಾಗಿಲು ಸರಿಸಿ ನೋಡಿದೆ. ಮಗ ಅಜ್ಜಿಯ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗಿದ್ದ.

ಮಂಚವನ್ನು ಮಾಡಿಸುವುದೆಂದು ನಿಶ್ಚಯವಾಯಿತು. ನಮ್ಮ ಬೀದಿಯ ಕೊನೆಯ ಆಚಾರ್ರು ಮಿತಭಾಷಿ. ಕಿವಿಯ ಮೇಲೆ ಪೆನ್ಸಿಲು, ಮನಸ್ಸಿನಲ್ಲಿ ಲೆಕ್ಕ. ತೇಗದ ಬೆಲೆ ಕೇಳಿ ನಾನು ಹಿಂದೆ ಸರಿದಾಗ ಅವರೇ ಸಿಲ್ವರ್ ಓಕ್ ಸಾಕು ಎಂದರು. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಮರ ನಮ್ಮ ಮಕ್ಕಳ ನಿದ್ದೆಗೂ ಆದೀತು. ಪುಡಿ ಒತ್ತಿ ಮಾಡಿದ ಹಲಗೆ ಬೇಡ, ಮನೆ ಬದಲಾಯಿಸುವಾಗ ಒಂದೆರಡು ಸಲ ಬಿಚ್ಚಿ ಜೋಡಿಸಿದರೆ ಅದರಲ್ಲಿ ತಿರುಪು ಹಿಡಿಯುವುದಿಲ್ಲ ಎಂದು ಅವರ ಅಭಿಪ್ರಾಯ. ಕೂಡುವೆಡೆಗೆಲ್ಲ ಮೊಳೆಯಲ್ಲ, ಬೋಲ್ಟು. ಅದನ್ನೂ ಮೂರು ತಿಂಗಳಿಗೊಮ್ಮೆ ಬಿಗಿ ಮಾಡಬೇಕು.

ನಾನು ಕಂಡಿಯ ಮಾತೆತ್ತಿ 3½ ಇಂಚು ಎಂದೆ. ಆಚಾರ್ರು ಸುಮ್ಮನೆ ಕೇಳಿಸಿಕೊಂಡು, “ತೊಟ್ಟಿಲಿಗೆ ಮೂರು ಬೆರಳು ಬಿಡ್ತೀವಿ ಮೇಷ್ಟ್ರೇ, ಅದನ್ನೇ ಬಿಟ್ಟರಾಯ್ತು” ಎಂದರು. ನನ್ನ ಓದೆಲ್ಲ ಮೂರು ಬೆರಳಿನಲ್ಲಿ ಮುಗಿಯಿತು. ಆದರೂ ನನ್ನ ಸಮಾಧಾನಕ್ಕೆಂದು 3½ ಇಂಚು ದಪ್ಪದ ಮರದ ತುಂಡೊಂದನ್ನು ಕೊಯ್ದು, ಮಂಚ ನಿಂತ ಮೇಲೆ ಕಂಡಿ ಕಂಡಿಗೂ ಹಿಡಿದು ನೋಡಿದರು. ಎಲ್ಲಿಯೂ ತೂರಲಿಲ್ಲ. ಕೊನೆಗೆ ತಲೆಯ ಕಡೆಯ ಕಂಬಕ್ಕೂ ಕಟಕಟೆಯ ತುದಿಗೂ ನಡುವೆ, ಯಾರೂ ಗಮನಿಸದಂಥ ಮೂಲೆಯಲ್ಲಿ, ತುಂಡು ಸರ್ರನೆ ಆಚೆಗೆ ಹೋಯಿತು. ಆಚಾರ್ರು ಮಾತಾಡಲಿಲ್ಲ. ಒಂದು ಪಟ್ಟಿ ಕೊಯ್ದು ಆ ಸಂದಿಗೆ ಬೋಲ್ಟು ಹಾಕಿ ಬಿಗಿದು, ಮತ್ತೆ ತುಂಡು ಹಿಡಿದು ನೋಡಿ, “ಈಗ ಸರಿ” ಎಂದರು.

ಏಣಿಯ ಬಗ್ಗೆ ನನ್ನಾಕೆಯ ಮಾತೇ ಕೊನೆಯ ಮಾತು. ನೆಟ್ಟಗೆ ನಿಂತ ಏಣಿ ಜಾಗ ಉಳಿಸುತ್ತದೆ, ಆದರೆ ನಿದ್ದೆಗಣ್ಣಿನಲ್ಲಿ ಇಳಿಯುವ ಹುಡುಗಿಗೆ ಅದು ತೆಂಗಿನ ಮರ. ಸ್ವಲ್ಪ ಓರೆಯಾಗಿ, ದುಂಡನೆಯ ಕೋಲಿನ ಬದಲು ಪಾದ ಊರುವಷ್ಟು ಅಗಲದ ಚಪ್ಪಟೆ ಮೆಟ್ಟಿಲಿಟ್ಟು, ಮಂಚಕ್ಕೇ ಕಚ್ಚಿಸಿದ್ದಾಯಿತು. ರಾತ್ರಿಯೆಲ್ಲ ಉರಿಯುವ ಸಣ್ಣ ದೀಪವೊಂದನ್ನು ಅದರ ಬುಡಕ್ಕೆ ಹಾಕಿಸಿದಳು.

ಇಷ್ಟಾದ ಮೇಲೆ ಉಳಿದದ್ದು ಫ್ಯಾನು. ಅಮೆರಿಕದ ನಿಯಮ ಓದಿದರೆ ಸಾಲದು, ಮೈಸೂರಿನ ತಾರಸಿಯನ್ನೂ ನೋಡಬೇಕು. ನಮ್ಮಲ್ಲಿ ಎಲ್ಲ ಕೋಣೆಗಳ ನೆತ್ತಿಯ ಮೇಲೂ ಒಂದು ಚಕ್ರ ತಿರುಗುತ್ತಿರುತ್ತದೆ. ಕೋಣೆಯ ಎತ್ತರ ಹತ್ತಡಿ. ಫ್ಯಾನಿನ ರೆಕ್ಕೆ ನೆಲದಿಂದ ಒಂಬತ್ತಡಿಗೆ ಸ್ವಲ್ಪ ಕಡಿಮೆ. ಕೆಳಗಿನ ಮಂಚದಲ್ಲಿ ಕುಳಿತವನ ತಲೆ ಬಡಿಯದಂತೆ ಮೂರಡಿ ಬಿಟ್ಟರೆ, ಮೇಲಿನ ಹಾಸಿಗೆ ನಿಲ್ಲುವುದು ಐದಡಿಯಲ್ಲಿ. ಅದರ ಮೇಲೆ ನಾಲ್ಕೂಕಾಲು ಅಡಿಯ ಮಗಳು ಎದ್ದು ನಿಂತರೆ ಒಂಬತ್ತೂಕಾಲು. ಫ್ಯಾನಿರುವುದು ಕೋಣೆಯ ನಡುವೆಯಲ್ಲವೇ ಎಂದು ಮೊದಲು ತೋರುತ್ತದೆ. ಕೋಣೆಯ ನಡುವೆಂದರೆ ಗೋಡೆಯಿಂದ ಐದಡಿ; 48 ಇಂಚಿನ ಫ್ಯಾನಿನ ರೆಕ್ಕೆ ನಡುವಿನಿಂದ ಎರಡಡಿ ಚಾಚುತ್ತದೆ; ಎಂದರೆ ರೆಕ್ಕೆಯ ತುದಿ ಗೋಡೆಯಿಂದ ಮೂರಡಿಯಲ್ಲಿದೆ. ಮಂಚದ ಅಗಲವೂ ಮೂರಡಿಯ ಮೇಲೆ. ಬೆಳಗ್ಗೆ ಎದ್ದು ಮೈಮುರಿಯುತ್ತ ಮಗು ಕೈಯೆತ್ತಿದರೆ ಮುಗಿಯಿತು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಮನೆಯಲ್ಲಿ ಯಾರೂ ಎರಡನೆಯ ಮಾತಾಡಲಿಲ್ಲ. ತಾರಸಿಯ ಫ್ಯಾನನ್ನು ಬಿಚ್ಚಿಸಿ, ಎದುರು ಗೋಡೆಗೆ, ಅಮ್ಮನ ಮಂಚದ ಕಾಲ ಕಡೆ, ಗೋಡೆ ಫ್ಯಾನು ಹಾಕಿಸಿದೆವು. ಅದರ ಗಾಳಿಗೆ ತಾರಸಿ ಫ್ಯಾನಿನ ಗುಣವಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಮೇಲೆ ಸೆಕೆ ಹೆಚ್ಚು ಎಂಬುದೂ ನಿಜ. ಏಪ್ರಿಲಿನಲ್ಲಿ ಮಗಳು ಇಳಿದು ಬಂದು ನೆಲದ ಮೇಲೆ ಮಲಗಿದರೆ ಯಾರೂ ತಡೆಯುವುದಿಲ್ಲ.

ಸೊಳ್ಳೆಪರದೆ ಇನ್ನೊಂದು ಅಧ್ಯಾಯ, ಅದನ್ನು ಬಿಡುತ್ತೇನೆ. ಒಂದು ಮಾತು ಮಾತ್ರ: ಪರದೆಯ ದಾರವಾಗಲಿ, ಹಳೆಯ ಸೀರೆಯಾಗಲಿ, ಸ್ಕಿಪ್ಪಿಂಗ್ ಹಗ್ಗವಾಗಲಿ ಮೇಲಿನ ಮಂಚದಿಂದ ಕೆಳಕ್ಕೆ ಇಳಿಬಿದ್ದಿರದಂತೆ ನೋಡಿಕೊಂಡಿದ್ದೇವೆ. ನೇತಾಡುವ ಹಗ್ಗ ಕಂಡರೆ ನಮ್ಮ ಹುಡುಗನಿಗೆ ಅದನ್ನು ಕೊರಳಿಗೆ ಸುತ್ತಿಕೊಂಡು ಎತ್ತಾಗುವ ಆಸೆ.

ಮೇಲೆ ಯಾರು ಎಂಬ ವ್ಯಾಜ್ಯ ಎರಡು ದಿನ ನಡೆಯಿತು. ಮಗನಿಗೆ ಆರು ತುಂಬುವವರೆಗೆ ಕೆಳಗೇ ಎಂದೆ. “ಯಾರು ಹೇಳಿದ್ದು?” ಎಂದ. ಅಮೆರಿಕದ ಸರಕಾರ ಎಂದೆ. ಅವನಿಗೆ ಅದು ಒಪ್ಪಿಗೆಯಾಗಲಿಲ್ಲ. ಅಜ್ಜಿಯನ್ನು ನೋಡಿದ. “ನೀನೂ ಮೇಲೆ ಹೋದರೆ ನನ್ನ ಪಕ್ಕದಲ್ಲಿ ಯಾರೋ?” ಎಂದು ಅಮ್ಮ ಕೇಳಿದಳು. ಅವಳು ಅದನ್ನು ಮಗುವನ್ನು ಒಲಿಸುವುದಕ್ಕೆ ಹೇಳಿದಳೆಂದು ಎಲ್ಲರೂ ಎಣಿಸಿದರು. ನನಗೆ ಹಾಗೆ ಕೇಳಿಸಲಿಲ್ಲ. ವರ್ಷಗಳಿಂದ ಅವಳ ಎರಡು ಕೈಗಳಿಗೂ ರಾತ್ರಿಯ ಹೊತ್ತು ಒಂದೊಂದು ತಲೆಯ ಭಾರ ರೂಢಿಯಾಗಿದೆ. ಮಂಡಿಗಾಗಿ ನಾವು ತಂದ ಮಂಚ ಎರಡೂವರೆ ಅಡಿ ಅಗಲದ್ದು, ಒಬ್ಬರಿಗೆ ಅಳತೆ ಹಿಡಿದದ್ದು. ಆ ರಾತ್ರಿಯೇ ಆಚಾರ್ರ ಬಳಿ ಹೋಗಿ, ಅದನ್ನು ಅರ್ಧ ಅಡಿ ಅಗಲ ಮಾಡಲು ಆಗುತ್ತದೆಯೇ ಎಂದು ವಿಚಾರಿಸಿದೆ. “ಪಕ್ಕದ ಪಟ್ಟಿ ಬಿಚ್ಚಿ ಸೇರಿಸಬಹುದು, ಹಾಸಿಗೆ ಬೇರೆ ಹೊಲಿಸಬೇಕಾಗ್ತದೆ” ಎಂದರು. ಹೊಲಿಸಿದೆವು.

ಈಗ ಮೇಲೆ ಮಗಳು. ಕೆಳಗೆ, ಹೆಸರಿಗೆ, ಮಗ. 3½ ಇಂಚಿನ ಮರದ ತುಂಡು ಅವನ ಆಟದ ಲಾರಿಯಾಗಿದೆ. ದೀಪವಾರಿಸಿದ ಮೇಲೆ ಅಮ್ಮ ಎಂದಿನಂತೆ ಮೆಲ್ಲನೆಯ ದನಿಯಲ್ಲಿ ಕಥೆ ಶುರುಮಾಡುತ್ತಾಳೆ. ಮೊದಲು ಎರಡು ಕಿವಿಗಳೂ ಗೇಣುದೂರದಲ್ಲಿದ್ದವು. ಆ ದನಿ ಸಾಕಾಗುತ್ತಿತ್ತು. ಒಂದೆರಡು ವಾಕ್ಯವಾಗುವಷ್ಟರಲ್ಲಿ ಕಟಕಟೆಯ ಮೇಲಿಂದ ತಲೆಯೊಂದು ಇಣುಕಿ, “ಅಜ್ಜೀ, ಗಟ್ಟಿಯಾಗಿ ಹೇಳು, ಮೇಲಕ್ಕೆ ಕೇಳಿಸಲ್ಲ” ಎನ್ನುತ್ತದೆ. ಅಮ್ಮ ದನಿಯೇರಿಸುತ್ತಾಳೆ. ಹೀಗಾಗಿ ಉತ್ತರಪತ್ರಿಕೆ ತಿದ್ದುತ್ತ ಹೊರಗಿನ ಕೋಣೆಯಲ್ಲಿ ಕುಳಿತ ನನಗೂ, ನಲವತ್ತು ದಾಟಿದ ಮೇಲೆ, ಅಮ್ಮನ ಕಥೆಗಳೆಲ್ಲ ಮತ್ತೆ ಕೇಳಿಸುತ್ತಿವೆ.